ಸ್ಟೈಯಲ್‌ನ ಮೂರು ಭಾನುವಾರದ ದಾರಿಗಳು: ಒಂದು ಗಿರಣಿ ಹಳ್ಳಿಯ ಚಾಪೆಲ್‌ನ ಚರಿತ್ರೆ

ಇಂಗ್ಲೆಂಡಿನ ಚೆಷೈರ್ ಪ್ರಾಂತದಲ್ಲಿ, ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕೆ, ಬಾಲಿನ್ ಎಂಬ ಪುಟ್ಟ ನದಿಯ ಕಣಿವೆಯ ಅಂಚಿನಲ್ಲಿ ಸ್ಟೈಯಲ್ ಎಂಬ ಹಳ್ಳಿಯಿದೆ. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬ ವರ್ತಕ ಈ ನದಿಯ ನೀರಿನ ಬಲವನ್ನು ನೆಚ್ಚಿಕೊಂಡು ಇಲ್ಲಿ ಹತ್ತಿಯ ನೂಲು ತೆಗೆಯುವ ಗಿರಣಿಯೊಂದನ್ನು ಕಟ್ಟಿಸಿದ. ಕ್ವಾರಿ ಬ್ಯಾಂಕ್ ಎಂದು ಹೆಸರಾದ ಆ ಗಿರಣಿಯಲ್ಲಿ 1959ರವರೆಗೂ ಉತ್ಪಾದನೆ ನಡೆಯಿತು. ಈಗ ಅದು ವಸ್ತುಸಂಗ್ರಹಾಲಯ. ಗಿರಣಿಯ ಯಂತ್ರಗಳ ಬಗ್ಗೆ, ಅದರ ದೊಡ್ಡ ನೀರುಚಕ್ರದ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ನಾನು ಇಂದು ಮಾತಾಡಲು ಆರಿಸಿಕೊಂಡಿರುವುದು ಅದೇ ಹಳ್ಳಿಯಲ್ಲಿ, ಕಾರ್ಮಿಕರ ಮನೆಗಳಿಗೆ ಸಮೀಪದಲ್ಲಿಯೇ ಇರುವ ನಾರ್‌ಕ್ಲಿಫ್ ಚಾಪೆಲ್ ಎಂಬ ಸಣ್ಣ ಪ್ರಾರ್ಥನಾ ಮಂದಿರವನ್ನು. ಗಿರಣಿ ನಿಂತು ದಶಕಗಳು ಕಳೆದರೂ ಅಲ್ಲಿ ಪ್ರಾರ್ಥನೆ ನಿಂತಿಲ್ಲ.

ಇಂಥ ಕಟ್ಟಡಗಳ ಬಗ್ಗೆ ಎರಡು ಬಗೆಯ ಮಾತು ಮೊದಲಿನಿಂದಲೂ ಚಲಾವಣೆಯಲ್ಲಿವೆ. ಮಾಲೀಕ ಧರ್ಮಾತ್ಮ, ತನ್ನ ಕೂಲಿಕಾರರ ಆತ್ಮೋದ್ಧಾರಕ್ಕಾಗಿ ಚರ್ಚ್ ಕಟ್ಟಿಸಿಕೊಟ್ಟ ಎನ್ನುವುದು ಒಂದು. ವಾರದಲ್ಲಿ ಆರು ದಿನ ಗಿರಣಿಯ ಗಂಟೆಯಿಂದ ಆಳಿದವನು ಏಳನೆಯ ದಿನವೂ ಹಿಡಿತ ತಪ್ಪದಿರಲೆಂದು ಚರ್ಚ್ ಕಟ್ಟಿಸಿದ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಆದರೆ ಎರಡೂ ಮಾಲೀಕನ ಮನಸ್ಸನ್ನಷ್ಟೇ ನೋಡುತ್ತವೆ. ಸ್ಟೈಯಲ್‌ನ ಚರಿತ್ರೆಯನ್ನು ನೋಡಲು ನನಗೆ ಇದಕ್ಕಿಂತ ಉಪಯುಕ್ತವೆನಿಸಿರುವ ಪ್ರಶ್ನೆ ಬೇರೆ: ಭಾನುವಾರ ಬೆಳಿಗ್ಗೆ ಈ ಹಳ್ಳಿಯಲ್ಲಿ ಯಾರು ಯಾವ ದಾರಿ ಹಿಡಿದು ಯಾವ ಬಾಗಿಲಿಗೆ ಹೋಗುತ್ತಿದ್ದರು, ಮತ್ತು ಅವರನ್ನು ಆ ದಾರಿಗೆ ಹಚ್ಚಿದ್ದು ನಂಬಿಕೆಯೋ, ಮಾಲೀಕನೋ, ದೇಶದ ಕಾನೂನೋ?

ಮೊದಲು ಮನೆತನದ ವಿಚಾರ. ಸ್ಯಾಮ್ಯುಯೆಲ್ ಗ್ರೆಗ್ 1758ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ಮ್ಯಾಂಚೆಸ್ಟರಿನ ಸೋದರಮಾವನ ಮನೆ ಸೇರಿ, ಹೈಡ್ ಮನೆತನದ ಬಟ್ಟೆ ವ್ಯಾಪಾರದಲ್ಲಿ ಪಳಗಿ, ಕಡೆಗೆ ಆ ವ್ಯಾಪಾರಕ್ಕೇ ವಾರಸುದಾರನಾದ. 1789ರಲ್ಲಿ ಆತ ಲಿವರ್‌ಪೂಲಿನ ವರ್ತಕ ಕುಟುಂಬದ ಹ್ಯಾನಾ ಲೈಟ್‌ಬಾಡಿಯನ್ನು ಮದುವೆಯಾದ. ಹ್ಯಾನಾ ಓದಿಕೊಂಡ, ಸ್ವತಂತ್ರವಾಗಿ ಯೋಚಿಸುತ್ತಿದ್ದ ಹೆಣ್ಣುಮಗಳು. ಆಕೆಯ ತವರು ಯೂನಿಟೇರಿಯನ್ ವಿಚಾರಗಳಿಗೆ ಒಲಿದದ್ದು. ದೇವರು ಒಬ್ಬನೇ, ಯೇಸು ಮಹಾಗುರುವೇ ಹೊರತು ದೇವರಲ್ಲ, ತಂದೆ-ಮಗ-ಪವಿತ್ರಾತ್ಮ ಎಂಬ ತ್ರಿತ್ವದ ಸಿದ್ಧಾಂತಕ್ಕೆ ಬೈಬಲಿನಲ್ಲಿ ಆಧಾರವಿಲ್ಲ ಎಂಬುದು ಯೂನಿಟೇರಿಯನ್ನರ ನಿಲುವು. ಇಂಗ್ಲೆಂಡಿನಲ್ಲಿ ತ್ರಿತ್ವವನ್ನು ಬಾಯಿಬಿಟ್ಟು ನಿರಾಕರಿಸುವುದು 1813ರವರೆಗೂ ಶಿಕ್ಷಾರ್ಹ ಅಪರಾಧವಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಗ್ರೆಗ್ ದಂಪತಿ ಎಷ್ಟೇ ಸಿರಿವಂತರಾಗಿದ್ದರೂ ಧರ್ಮದ ವಿಷಯದಲ್ಲಿ ಅಲ್ಪಸಂಖ್ಯಾತರಾಗಿದ್ದರು ಎಂಬುದು ಮನದಟ್ಟಾಗುತ್ತದೆ. ಮ್ಯಾಂಚೆಸ್ಟರಿನ ಕ್ರಾಸ್ ಸ್ಟ್ರೀಟ್ ಚಾಪೆಲ್‌ನ ಸುತ್ತ ಸೇರಿದ್ದ ವರ್ತಕರು, ವೈದ್ಯರು, ವಿದ್ವಾಂಸರ ಬಳಗವೇ ಅವರ ಬಳಗ. ಗಿರಣಿಯಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಅಪ್ರೆಂಟಿಸ್ ಮಕ್ಕಳನ್ನು ನೋಡಿಕೊಳ್ಳಲು ಗ್ರೆಗ್ ನೇಮಿಸಿದ್ದ ವೈದ್ಯ ಪೀಟರ್ ಹಾಲೆಂಡ್, ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದ ಎಲಿಜಬೆತ್ ಗ್ಯಾಸ್ಕೆಲ್‌ಗೆ ಸೋದರಮಾವ. ಆಕೆಯ ಗಂಡ ವಿಲಿಯಂ ಗ್ಯಾಸ್ಕೆಲ್ ಅದೇ ಕ್ರಾಸ್ ಸ್ಟ್ರೀಟ್ ಚಾಪೆಲ್‌ನ ಉಪದೇಶಕ.

ಹೀಗಿದ್ದರೂ ಗಿರಣಿ ಶುರುವಾಗಿ ಸುಮಾರು ನಾಲ್ಕು ದಶಕ ಕಾಲ ಸ್ಟೈಯಲ್‌ನಲ್ಲಿ ಗ್ರೆಗ್ ಯಾವ ಪ್ರಾರ್ಥನಾ ಮಂದಿರವನ್ನೂ ಕಟ್ಟಿಸಲಿಲ್ಲ. ಸ್ಟೈಯಲ್ ಆಗ ವಿಲ್ಮ್‌ಸ್ಲೋ ಪ್ಯಾರಿಷ್‌ಗೆ ಸೇರಿತ್ತು. ಅಲ್ಲಿನ ಸೇಂಟ್ ಬಾರ್ತಲೋಮ್ಯು ಚರ್ಚ್ ಈ ಜನಕ್ಕೂ ಚರ್ಚ್. ಹುಟ್ಟು, ಮದುವೆ, ಸಾವುಗಳ ಲೆಕ್ಕ ಬರೆಯುತ್ತಿದ್ದದ್ದೂ ಅಲ್ಲಿಯೇ. ಪ್ಯಾರಿಷ್ ಎಂದರೆ ಬರೀ ಪೂಜೆಯ ವ್ಯಾಪ್ತಿಯಲ್ಲ. ಅದು ತೆರಿಗೆ, ಬಡವರ ಪೋಷಣೆ, ದಾಖಲೆಗಳೆಲ್ಲವೂ ಒಂದಾಗಿ ಬೆರೆತ ಆಡಳಿತದ ಘಟಕವಾಗಿತ್ತು. 1753ರ ಕಾನೂನಿನ ಪ್ರಕಾರ ಕ್ವೇಕರರು ಎಂಬ ಸಣ್ಣ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದ ಎಲ್ಲರೂ ಸರಕಾರಿ ಮಾನ್ಯತೆಯ ಆಂಗ್ಲಿಕನ್ ಚರ್ಚಿನಲ್ಲಿಯೇ ಮದುವೆಯಾಗಬೇಕಿತ್ತು. ಗಿರಣಿಯ ಒಡೆಯನಿಗೂ ಅದರ ನೂಲುಗಾರನಿಗೂ ಈ ಕಟ್ಟಳೆಯಲ್ಲಿ ಭೇದವಿರಲಿಲ್ಲ. 1837ರಲ್ಲಿ ನಾಗರಿಕ ನೋಂದಣಿ ಜಾರಿಗೆ ಬರುವವರೆಗೂ ಇದೇ ಸ್ಥಿತಿ. ಪ್ಯಾರಿಷ್ ಚರ್ಚಿನ ದುರಸ್ತಿಗೆ ಹಾಕುತ್ತಿದ್ದ ಕರವನ್ನು ಕಡ್ಡಾಯವಾಗಿ ವಸೂಲು ಮಾಡುವ ಪದ್ಧತಿ 1868ರವರೆಗೂ ಉಳಿದಿತ್ತು. ಆ ಚರ್ಚಿಗೆ ಕಾಲಿಡದವರೂ ಕರ ಕೊಡಬೇಕಾಗಿತ್ತು.

ಭಾನುವಾರದ ಮೊದಲ ದಾರಿ, ಹಾಗಾಗಿ, ವಿಲ್ಮ್‌ಸ್ಲೋ ಕಡೆಗೆ. ಆ ದಾರಿಯಲ್ಲಿ ಸಾಲಾಗಿ ನಡೆದವರಲ್ಲಿ ಗಿರಣಿಯ ಅಪ್ರೆಂಟಿಸ್ ಮಕ್ಕಳೇ ಮುಖ್ಯರು. ಕಣಿವೆಯ ಹಳ್ಳಿಯಲ್ಲಿ ಕೆಲಸಕ್ಕೆ ಸಾಕಷ್ಟು ಜನ ಸಿಗದಿದ್ದಾಗ ಗ್ರೆಗ್, ಆ ಕಾಲದ ಅನೇಕ ಗಿರಣಿ ಮಾಲೀಕರಂತೆ, ಬಡವರ ಆಶ್ರಯಧಾಮಗಳಿಂದ ಮಕ್ಕಳನ್ನು ಕರಾರಿನ ಮೇಲೆ ಕರೆಸಿಕೊಂಡ. ಅವರನ್ನು ಇರಿಸಲು 1790ರಲ್ಲಿ ಅಪ್ರೆಂಟಿಸ್ ಹೌಸ್ ಎಂಬ ವಸತಿಗೃಹ ಕಟ್ಟಿಸಿದ. ಮಕ್ಕಳಿಗೆ ಕೂಲಿಯಿಲ್ಲ, ಊಟ, ಬಟ್ಟೆ, ವಸತಿ, ಒಂದಿಷ್ಟು ಓದು, ಇಷ್ಟೇ. ದಿನಕ್ಕೆ ಹನ್ನೆರಡು ಗಂಟೆಯ ಕೆಲಸ, ವಾರಕ್ಕೆ ಆರು ದಿನ. ಏಳನೆಯ ದಿನ ವಿಲ್ಮ್‌ಸ್ಲೋಗೆ ಹೋಗಿ ಬರುವ ನಡಿಗೆ.

ಯೂನಿಟೇರಿಯನ್ ಒಡೆಯ ತನ್ನ ಅಧೀನದ ಮಕ್ಕಳನ್ನು ಆಂಗ್ಲಿಕನ್ ಚರ್ಚಿಗೆ ಏಕೆ ಕಳುಹಿಸುತ್ತಿದ್ದ? ಉತ್ತರವನ್ನು ಆತನ ಔದಾರ್ಯದಲ್ಲಿ ಹುಡುಕುವ ಅಗತ್ಯವಿಲ್ಲ. ಅದು ಕಾನೂನಿನ ಪುಸ್ತಕದಲ್ಲಿದೆ. 1802ರಲ್ಲಿ ಬ್ರಿಟಿಷ್ ಸಂಸತ್ತು ಅಪ್ರೆಂಟಿಸ್ ಮಕ್ಕಳ ಆರೋಗ್ಯ ಮತ್ತು ನೈತಿಕತೆಯ ಕಾಯಿದೆಯೊಂದನ್ನು ಹೊರಡಿಸಿತು. ಗಿರಣಿಯ ಗೋಡೆಗಳಿಗೆ ವರ್ಷಕ್ಕೆ ಎರಡು ಸಲ ಸುಣ್ಣ ಬಳಿಯಬೇಕು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಕೋಣೆಗಳಿರಬೇಕು, ಒಂದು ಹಾಸಿಗೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳನ್ನು ಮಲಗಿಸಬಾರದು, ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ವಿಧಿಗಳ ಜೊತೆಗೇ, ಪ್ರತಿ ಭಾನುವಾರ ಒಂದು ಗಂಟೆ ಕ್ರೈಸ್ತ ಧರ್ಮದ ಪಾಠ ಹೇಳಿಸಬೇಕು, ತಿಂಗಳಿಗೆ ಒಮ್ಮೆಯಾದರೂ ಆರಾಧನೆಗೆ ಕಳುಹಿಸಬೇಕು, ಆಂಗ್ಲಿಕನ್ ತಂದೆ-ತಾಯಿಯರ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ಯಾರಿಷ್ ಪಾದ್ರಿ ಪರೀಕ್ಷಿಸಬೇಕು ಎಂದೂ ಅದು ವಿಧಿಸಿತು. ಸುಣ್ಣ, ಹಾಸಿಗೆ, ಧರ್ಮಬೋಧೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಕಾಯಿದೆ ಆ ಕಾಲದ ಆಡಳಿತ ಬಡಮಕ್ಕಳನ್ನು ಹೇಗೆ ಕಾಣುತ್ತಿತ್ತೆಂಬುದನ್ನು ಯಾವ ಇತಿಹಾಸಕಾರನಿಗಿಂತಲೂ ಚೆನ್ನಾಗಿ ತೋರಿಸುತ್ತದೆ.

ಆ ಮಕ್ಕಳ ಭಾನುವಾರದ ಬಗ್ಗೆ ನಮಗೆ ಸಿಗುವ ಅಪರೂಪದ ಸಾಕ್ಷ್ಯ ಓಡಿಹೋದ ಇಬ್ಬರು ಹುಡುಗರದು. 1806ರಲ್ಲಿ ಥಾಮಸ್ ಪ್ರೀಸ್ಟ್‌ಲಿ ಮತ್ತು ಜೋಸೆಫ್ ಸೆಫ್ಟನ್ ಎಂಬ ಅಪ್ರೆಂಟಿಸರು ಸ್ಟೈಯಲ್ ಬಿಟ್ಟು ಲಂಡನ್ನಿನ ಪಕ್ಕದ ಹ್ಯಾಕ್ನಿಯವರೆಗೂ ಹೋದರು. ಪ್ರೀಸ್ಟ್‌ಲಿಗೆ ಆಗ ಹದಿಮೂರು ವರ್ಷ. ಯಂತ್ರಕ್ಕೆ ಸಿಕ್ಕು ಅವನ ಒಂದು ಬೆರಳು ಹೋಗಿತ್ತು. ಸಿಕ್ಕಿಬಿದ್ದ ಮೇಲೆ ಇಬ್ಬರೂ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟರು. ಅದರಲ್ಲಿ ಊಟ, ಹಾಸಿಗೆ, ಕೆಲಸದ ಗಂಟೆಗಳ ವಿವರಗಳಿವೆ. ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಶಾಲೆ, ಅದಾದ ಮೇಲೆ ಆಟಕ್ಕೆ ಬಿಡುವು ಎಂದೂ ಬರುತ್ತದೆ. ಓಡಿಹೋದದ್ದು ಏಕೆಂದರೆ ತಾಯಿಯನ್ನು ನೋಡಬೇಕೆನಿಸಿತ್ತು. ಚರ್ಚಿನ ಬಗ್ಗೆ ಅವರು ಭಕ್ತಿಯನ್ನೂ ಹೇಳುವುದಿಲ್ಲ, ಬೇಸರವನ್ನೂ ಹೇಳುವುದಿಲ್ಲ. ವಾರದ ದಿನಚರಿಯಲ್ಲಿ ಅದೊಂದು ಕಲಮು ಅಷ್ಟೆ. ಇಂಥ ಮಕ್ಕಳ ಪಾಲಿಗೆ ಚರ್ಚಿನ ದಾಖಲೆಗೆ ಪ್ರಾರ್ಥನೆಗಿಂತ ಬೇರೆಯದೇ ಒಂದು ಬೆಲೆಯೂ ಇತ್ತು. ನಾಗರಿಕ ನೋಂದಣಿ ಇಲ್ಲದ ಕಾಲದಲ್ಲಿ ವಯಸ್ಸಿಗೆ ಪುರಾವೆ ಎಂದರೆ ದೀಕ್ಷಾಸ್ನಾನದ ಪುಸ್ತಕವೇ. ಕರಾರು ಇಂತಿಷ್ಟು ವಯಸ್ಸಿಗೆ ಮುಗಿಯುತ್ತದೆ ಎಂದು ಬರೆದಿದ್ದಾಗ, ಎಲ್ಲೋ ದೂರದ ಊರಿನ ಪಾದ್ರಿ ಎಂದೋ ಬರೆದಿಟ್ಟ ಒಂದು ಸಾಲು ಆ ಹುಡುಗನೋ ಹುಡುಗಿಯೋ ಇನ್ನೆಷ್ಟು ವರ್ಷ ಕೂಲಿಯಿಲ್ಲದೆ ದುಡಿಯಬೇಕೆಂಬುದನ್ನು ತೀರ್ಮಾನಿಸಬಲ್ಲದಾಗಿತ್ತು.

ಎರಡನೆಯ ದಾರಿ ತೆರೆದುಕೊಂಡದ್ದು 1820ರ ದಶಕದಲ್ಲಿ. ಗಿರಣಿ ಬೆಳೆದು, ಕರಾರಿನ ಮಕ್ಕಳಿಗಿಂತ ಕೂಲಿ ಪಡೆಯುವ ಕುಟುಂಬಗಳೇ ಹೆಚ್ಚಾಗಿ ಬೇಕಾದಾಗ ಗ್ರೆಗ್ ಹಳ್ಳಿಯನ್ನೇ ಕಟ್ಟಲು ಹೊರಟ. ಓಕ್ ಕಾಟೇಜಸ್ ಎಂಬ ಇಟ್ಟಿಗೆಯ ಮನೆಸಾಲುಗಳು ಎದ್ದವು. ಒಂದೊಂದು ಮನೆಗೂ ತನ್ನದೇ ಶೌಚಾಲಯ, ತರಕಾರಿ ಬೆಳೆಯಲು ಒಂದು ತುಂಡು ನೆಲ. ಬಾಡಿಗೆಯನ್ನು ಕೂಲಿಯಲ್ಲಿಯೇ ಮುರಿದುಕೊಳ್ಳುತ್ತಿದ್ದರು. ಅಂಗಡಿ, ಶಾಲೆಗಳ ಜೊತೆಗೆ 1822–23ರ ಸುಮಾರಿಗೆ ನಾರ್‌ಕ್ಲಿಫ್ ಚಾಪೆಲ್ ಬಂದಿತು. ಅದನ್ನು ಮೊದಲು ಬಳಸಿದವರು ಯೂನಿಟೇರಿಯನ್ನರಲ್ಲ, ಬ್ಯಾಪ್ಟಿಸ್ಟರು ಎಂಬುದು ಈ ಕಟ್ಟಡದ ಚರಿತ್ರೆಯಲ್ಲಿ ಬಹಳ ಮುಖ್ಯವಾದ ಸಂಗತಿ. ಬ್ಯಾಪ್ಟಿಸ್ಟರು ತ್ರಿತ್ವವನ್ನು ನಂಬುವವರು. ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯಬೇಕೆನ್ನುವವರು. ಒಡೆಯನ ಮನೆಯ ಧರ್ಮಕ್ಕೂ ಅವರ ಧರ್ಮಕ್ಕೂ ಅಂತರ ಸಣ್ಣದಲ್ಲ. ತನ್ನ ಹಣದಲ್ಲಿ ಎದ್ದ ಮಂದಿರದಲ್ಲಿ ತನ್ನದಲ್ಲದ ಬೋಧನೆ ನಡೆಯಲು ಗ್ರೆಗ್ ಹತ್ತು ವರ್ಷ ಬಿಟ್ಟಿದ್ದ ಎಂಬುದಕ್ಕೆ ಆತನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ.

1833ರಲ್ಲಿ ಚಾಪೆಲ್ ಯೂನಿಟೇರಿಯನ್ ಆಯಿತು. ಅಷ್ಟರಲ್ಲಿ ಮನೆಯ ಪರಿಸ್ಥಿತಿ ಬದಲಾಗಿತ್ತು. ಹ್ಯಾನಾ 1828ರಲ್ಲಿ ತೀರಿಕೊಂಡಿದ್ದಳು. ಸ್ಯಾಮ್ಯುಯೆಲ್ 1832ರಲ್ಲಿ ತನ್ನ ತೋಟದಲ್ಲಿಯೇ ಸಾರಂಗವೊಂದು ತಿವಿದು ಗಾಯಗೊಂಡು ವ್ಯವಹಾರದಿಂದ ಹಿಂದೆ ಸರಿದಿದ್ದ; 1834ರಲ್ಲಿ ಸತ್ತ. ಕ್ವಾರಿ ಬ್ಯಾಂಕಿನ ಹೊಣೆ ಮಗ ರಾಬರ್ಟ್ ಹೈಡ್ ಗ್ರೆಗ್‌ನದಾಯಿತು. ತಂದೆಗಿಂತ ಬಿಗಿಯಾದ ವ್ಯವಹಾರಸ್ಥ ಈತ. ಮುಕ್ತ ವ್ಯಾಪಾರದ ಪಕ್ಷಪಾತಿ, 1839ರಲ್ಲಿ ಮ್ಯಾಂಚೆಸ್ಟರಿನಿಂದ ಸಂಸತ್ತಿಗೆ ಆಯ್ಕೆಯಾದವನು, ಕೆಲಸದ ಗಂಟೆಗಳನ್ನು ಕಾನೂನಿನಿಂದ ಕಡಿಮೆ ಮಾಡುವುದನ್ನು ಬಹಿರಂಗವಾಗಿ ವಿರೋಧಿಸಿದವನು. ಚಾಪೆಲ್‌ನ ಪಂಥ ಬದಲಾದದ್ದೂ ಆಡಳಿತ ಕೈ ಬದಲಾದದ್ದೂ ಒಂದೇ ಹೊತ್ತಿಗೆ ಎಂಬುದನ್ನು ಗಮನಿಸದೆ ಮುಂದೆ ಹೋಗಲಾಗುವುದಿಲ್ಲ. ಕಟ್ಟಡ, ನೆಲ, ಉಪದೇಶಕನ ನಿರ್ವಹಣೆ ಎಲ್ಲಕ್ಕೂ ಆಧಾರ ಒಂದೇ ಮನೆತನವಾಗಿರುವಾಗ ಸಭೆಯ ಸಿದ್ಧಾಂತವೂ ಆ ಮನೆತನದ ಕಡೆಗೆ ವಾಲುವುದು ಅನಿರೀಕ್ಷಿತವಲ್ಲ.

ಬೇರೆ ಗಿರಣಿ ಹಳ್ಳಿಗಳಲ್ಲಿಯೂ ಇದೇ ಚಿತ್ರ. ಡರ್ಬಿಷೈರಿನ ಬೆಲ್ಪರ್‌ನಲ್ಲಿ ಸ್ಟ್ರಟ್ ಕುಟುಂಬ ಯೂನಿಟೇರಿಯನ್; ಅಲ್ಲಿ 1788ರಲ್ಲಿಯೇ ಯೂನಿಟೇರಿಯನ್ ಚಾಪೆಲ್ ಎದ್ದಿತು. ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ ಶುರು ಮಾಡಿದ ಸೇಂಟ್ ಮೇರಿ ಚರ್ಚ್ ಆಂಗ್ಲಿಕನ್; ಆತ ಸತ್ತ ಐದು ವರ್ಷಗಳ ಮೇಲೆ, 1797ರಲ್ಲಿ, ಅದು ಆರಾಧನೆಗೆ ತೆರೆಯಿತು. ಯಾರ್ಕ್‌ಷೈರಿನ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ 1859ರಲ್ಲಿ ಮುಗಿಸಿದ, ಪ್ರತಿ ಸಭೆಯೂ ತನ್ನನ್ನು ತಾನೇ ಆಳಿಕೊಳ್ಳುವ ಕಾಂಗ್ರಿಗೇಷನಲ್ ಪಂಥದ ಚರ್ಚ್ ಇವೆಲ್ಲಕ್ಕಿಂತ ಆಡಂಬರದ್ದು: ಇಟಲಿಯ ಶೈಲಿ, ಕೊರಿಂಥಿಯನ್ ಕಂಬಗಳು, ಮೇಲೊಂದು ಗುಮ್ಮಟದ ಗೋಪುರ, ಎದುರಿಗೇ ಗಿರಣಿ, ಪಕ್ಕದಲ್ಲಿ ಒಡೆಯನ ಮನೆತನದ ಸಮಾಧಿಗೃಹ. ನಾರ್‌ಕ್ಲಿಫ್ ಇದರ ಮುಂದೆ ಊರಿನ ಶಾಲೆಯ ಕಟ್ಟಡದಷ್ಟು ಸಾದಾ. ಗಿರಣಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲದೆ, ಹಳ್ಳಿಯ ಮನೆಗಳ ಕಡೆ ಮರಗಳ ನಡುವೆ ನಿಂತಿರುವುದು ನನಗೆ ಅದರ ಒಳ್ಳೆಯ ಗುಣವೆನಿಸುತ್ತದೆ.

ಮೂರನೆಯ ದಾರಿ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು. ನಾರ್‌ಕ್ಲಿಫ್ ಯೂನಿಟೇರಿಯನ್ ಆದ ನಾಲ್ಕು ವರ್ಷಕ್ಕೆ, 1837ರಲ್ಲಿ, ಹಳ್ಳಿಯ ದವಸದ ಉಗ್ರಾಣವೊಂದು ಮೆಥಡಿಸ್ಟ್ ಚಾಪೆಲ್ ಆಗಿ ಮಾರ್ಪಟ್ಟಿತು. ಅಂದರೆ ಒಡೆಯನದೇ ಮಂದಿರ ಹತ್ತಿರದಲ್ಲಿರುವಾಗಲೂ ಇನ್ನೊಂದು ಬಾಗಿಲಿನ ಅಗತ್ಯವಿದ್ದ ಜನ ಆ ಹಳ್ಳಿಯಲ್ಲಿದ್ದರು, ಮತ್ತು ಆ ಅಗತ್ಯವನ್ನು ಗ್ರೆಗ್ ಮನೆತನ ಅಡ್ಡಗಟ್ಟಲಿಲ್ಲ. ಯೂನಿಟೇರಿಯನ್ ಉಪದೇಶ ವಿಚಾರಪ್ರಧಾನವಾದದ್ದು. ವಾದ, ವಿವೇಕ, ಸದಾಚಾರ ಅದರ ಬಂಡವಾಳ. ಮೆಥಡಿಸ್ಟರದು ಹಾಡು, ಕಣ್ಣೀರು, ಪಶ್ಚಾತ್ತಾಪ, ಪಾಪವಿಮೋಚನೆಯ ಭರವಸೆ. ಹನ್ನೆರಡು ಗಂಟೆ ಯಂತ್ರದ ಸದ್ದಿನಲ್ಲಿ ನಿಂತು ಬಂದವರಿಗೆ ಇವೆರಡರಲ್ಲಿ ಯಾವುದು ಹತ್ತಿರವಾಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಆದರೆ ಭಾವುಕತೆಯೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಮೆಥಡಿಸ್ಟ್ ಪಂಥದ ಒಳರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸದಸ್ಯರನ್ನು ಹನ್ನೆರಡು ಜನರಷ್ಟಿರುವ ‘ಕ್ಲಾಸ್’ ಎಂಬ ಗುಂಪುಗಳಾಗಿ ವಿಂಗಡಿಸುತ್ತಿದ್ದರು. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲೋ ಚಾಪೆಲ್‌ನಲ್ಲೋ ಸೇರಿ ಒಬ್ಬೊಬ್ಬರೂ ಆ ವಾರದ ತಮ್ಮ ಬಾಳಿನ ಬಗ್ಗೆ ಹೇಳಿಕೊಳ್ಳಬೇಕು. ವಾರಕ್ಕೊಂದು ಪೆನ್ನಿ ವಂತಿಗೆ ಕೊಡಬೇಕು. ಮೂರು ತಿಂಗಳಿಗೊಮ್ಮೆ ಹೊಸ ಟಿಕೆಟು ಸಿಗುತ್ತಿತ್ತು. ಗುಂಪಿನ ಮುಖಂಡ ನೇಕಾರನೋ ಬಡಗಿಯೋ ಆಗಿರಬಹುದಿತ್ತು, ಹೆಂಗಸರೂ ಮುಖಂಡರಾಗುತ್ತಿದ್ದರು. ಭಾನುವಾರದ ಉಪದೇಶವನ್ನು ಬಹುಪಾಲು ಕಡೆ ಕೊಡುತ್ತಿದ್ದವರು ಸಂಬಳದ ಪಾದ್ರಿಗಳಲ್ಲ, ಸರದಿಯ ಮೇಲೆ ಹಳ್ಳಿಯಿಂದ ಹಳ್ಳಿಗೆ ನಡೆದು ಬರುವ ದುಡಿಯುವ ಜನ. ಒಂದು ಪೆನ್ನಿ ಸಣ್ಣ ಮೊತ್ತ, ಆದರೆ ಅದು ಕೂಲಿಯಲ್ಲಿ ಮುರಿದುಕೊಂಡದ್ದಲ್ಲ, ತಾನಾಗಿ ಎಣಿಸಿ ಕೊಟ್ಟದ್ದು. ಮನೆ, ಅಂಗಡಿ, ಶಾಲೆ, ಚಾಪೆಲ್ ಎಲ್ಲವೂ ಒಬ್ಬನ ಕೈಯಿಂದಲೇ ಬರುವ ಊರಿನಲ್ಲಿ, ತಾವೇ ಲೆಕ್ಕ ಇಡುವ, ತಾವೇ ಎದ್ದು ಮಾತಾಡುವ ಜಾಗವೊಂದು ಸಿಕ್ಕಿದ್ದರ ಬೆಲೆ ಎಷ್ಟೆಂಬುದನ್ನು ಗಿರಣಿಯ ಖಾತೆ ಪುಸ್ತಕಗಳಲ್ಲಿ ಹುಡುಕಿದರೆ ಸಿಗಲಾರದು. ಕಟ್ಟಡ ಮಾತ್ರ ಒಡೆಯನದೇ, ಅದನ್ನೂ ಮರೆಯಬಾರದು.

1851ರ ಮಾರ್ಚ್ 30ರ ಭಾನುವಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಾದ್ಯಂತ ಆರಾಧನೆಗೆ ಬಂದವರ ತಲೆ ಎಣಿಸಿದಾಗ, ಆಂಗ್ಲಿಕನ್ ಅಲ್ಲದ ಪಂಥಗಳ ಸಭೆಗಳಿಗೆ ಬಂದವರು ಹೆಚ್ಚುಕಡಿಮೆ ಆಂಗ್ಲಿಕನ್ನರಷ್ಟೇ ಇದ್ದದ್ದು ಕಂಡು ಆಳುವ ವರ್ಗ ಬೆಚ್ಚಿತು. ಸ್ಟೈಯಲ್‌ನ ಮೂರು ದಾರಿಗಳು ದೇಶದ ದೊಡ್ಡ ಬದಲಾವಣೆಯ ಒಂದು ಕಿರು ಮಾದರಿ ಎನ್ನಲು ಅಡ್ಡಿಯಿಲ್ಲ.

ಇನ್ನು ಚಾಪೆಲ್‌ನ ಹಣದ ಮೂಲದ ಮಾತು. ಇದನ್ನು ಅಡಿಟಿಪ್ಪಣಿಯಾಗಿಸಿ ದಾಟಿಹೋಗುವುದು ಸರಿಯಲ್ಲ. ಕ್ವಾರಿ ಬ್ಯಾಂಕಿನಲ್ಲಿ ನೂಲಾದ ಹತ್ತಿಯಲ್ಲಿ ಬಹುಪಾಲು ಗುಲಾಮರು ಬೆಳೆದದ್ದು. ಅಷ್ಟೇ ಅಲ್ಲ, ಕೆರಿಬಿಯನ್ ದ್ವೀಪ ಡೊಮಿನಿಕಾದ ಹಿಲ್ಸ್‌ಬರೋ ಎಂಬ ಕಬ್ಬಿನ ತೋಟ ವಾರಸಿನಿಂದ ಗ್ರೆಗ್ ಕುಟುಂಬಕ್ಕೆ ಬಂದಿತ್ತು. ಅಲ್ಲಿ ದುಡಿಯುತ್ತಿದ್ದವರು ಗುಲಾಮರೇ. ಗುಲಾಮಗಿರಿಯ ವಿರುದ್ಧ ದನಿ ಎತ್ತಿದವರಲ್ಲಿ ಯೂನಿಟೇರಿಯನ್ನರೂ ಅನೇಕರಿದ್ದರು. ನಾರ್‌ಕ್ಲಿಫ್ ಯೂನಿಟೇರಿಯನ್ ಆದ 1833ರಲ್ಲಿಯೇ ಬ್ರಿಟಿಷ್ ಸಂಸತ್ತು ತನ್ನ ಬಹುತೇಕ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾಯಿದೆ ಮಾಡಿತು, ಪರಿಹಾರವನ್ನು ಗುಲಾಮರಿಗಲ್ಲ, ಅವರ ಒಡೆಯರಿಗೆ ಕೊಟ್ಟಿತು. ಹ್ಯಾನಾ ಗ್ರೆಗ್‌ಳಂಥ ಸೂಕ್ಷ್ಮ ಮನಸ್ಸಿನವರ ಮನೆಗೆ ಈ ಆದಾಯ ಬರುತ್ತಿತ್ತೆಂಬುದು ಆಕೆಯ ಸದ್ಗುಣವನ್ನು ಅಳಿಸುವುದಿಲ್ಲ. ಆಕೆಯ ಸದ್ಗುಣವೂ ಇದನ್ನು ಮುಚ್ಚಲಾರದು.

ಅಮೆರಿಕದ ಹತ್ತಿಯ ಮೇಲೆ ನಿಂತಿದ್ದ ಈ ಲೋಕ 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ತತ್ತರಿಸಿತು. ಮ್ಯಾಂಚೆಸ್ಟರ್ ಸುತ್ತಲ ಗಿರಣಿಗಳು ಹತ್ತಿಗೆ ಬಾಯಿಬಿಡುತ್ತಿದ್ದ ಆ ದಿನಗಳಲ್ಲಿ ಅಲ್ಲಿನ ವರ್ತಕರ ಕಣ್ಣು ನಮ್ಮ ಧಾರವಾಡ ಸೀಮೆಯ ಮೇಲೂ ಬಿದ್ದಿತು. 1840ರ ದಶಕದಿಂದಲೇ ಅಲ್ಲಿನ ಎರೆಭೂಮಿಯಲ್ಲಿ ಅಮೆರಿಕದ ಬೀಜದ ಹತ್ತಿ ಬೆಳೆಯಲು ಶುರುವಾಗಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸಲು ಕಾರವಾರ ಬಂದರು ಬೇಕೆಂಬ ಒತ್ತಾಯ ಮ್ಯಾಂಚೆಸ್ಟರಿನಿಂದಲೂ ಬಂದಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವಿತ್ತು. ದೂರದ ಚಾಪೆಲ್ ಒಂದರ ಚರಿತ್ರೆ ನಮಗೇಕೆ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕೆಂದುಕೊಂಡಿದ್ದೇನೆ.

ಗ್ರೆಗ್ ಮನೆತನದ ಧಾರ್ಮಿಕ ಹಂಬಲವನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವನು ಕಿರಿಯ ಸ್ಯಾಮ್ಯುಯೆಲ್, 1804ರಲ್ಲಿ ಹುಟ್ಟಿದ ಮಗ. ಆತನ ಪ್ರಯೋಗ ನಡೆದದ್ದು ಸ್ಟೈಯಲ್‌ನಲ್ಲಲ್ಲ, ಅದೇ ಪ್ರಾಂತದ ಬಾಲಿಂಗ್ಟನ್‌ನಲ್ಲಿ. 1832ರಿಂದ ಅಲ್ಲಿನ ಗಿರಣಿಯನ್ನು ನಡೆಸುತ್ತ ಕೆಲಸಗಾರರಿಗೆ ಭಾನುವಾರದ ಶಾಲೆ, ಸ್ನಾನಗೃಹ, ಸಂಗೀತ, ಆಟದ ಬಯಲು ಎಲ್ಲವನ್ನೂ ಒದಗಿಸಿದ, ಸ್ತೋತ್ರಗೀತೆಗಳನ್ನೂ ಬರೆದ. 1840ರ ದಶಕದ ಉತ್ತರಾರ್ಧದಲ್ಲಿ ಹೊಸ ಯಂತ್ರ ತಂದಾಗ ಅದೇ ಕೆಲಸಗಾರರು ಮುಷ್ಕರ ಹೂಡಿದರು. ಆತ ಮನಸ್ಸು ಮುರಿದು ವ್ಯವಹಾರವನ್ನೇ ಬಿಟ್ಟ. ಆ ಕೆಲಸಗಾರರನ್ನು ಕೃತಘ್ನರೆನ್ನಲು ನನಗೆ ಮನಸ್ಸಿಲ್ಲ. ಸ್ನಾನಗೃಹ ಬೇಡವೆಂದು ಅವರು ಹೇಳಿರಲಿಲ್ಲ. ಯಂತ್ರದ ವಿಷಯದಲ್ಲಿ ತಮ್ಮ ಮಾತೂ ನಡೆಯಬೇಕೆಂದಿದ್ದರು ಅಷ್ಟೆ.

ಸ್ಟೈಯಲ್‌ನಲ್ಲಿ ಅಪ್ರೆಂಟಿಸ್ ಪದ್ಧತಿ 1847ರಲ್ಲಿ ಕೊನೆಗೊಂಡಿತು. ವಿಲ್ಮ್‌ಸ್ಲೋ ದಾರಿಯ ಆ ಮಕ್ಕಳ ಸಾಲೂ ಅಲ್ಲಿಗೆ ನಿಂತಿತು. 1939ರಲ್ಲಿ ಅಲೆಕ್ಸಾಂಡರ್ ಕಾರ್ಲ್ಟನ್ ಗ್ರೆಗ್ ಗಿರಣಿಯನ್ನೂ ಜಮೀನನ್ನೂ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನವಾಗಿ ಕೊಟ್ಟ. ಅದರ ಹಿಂದಿನ ವರ್ಷವೇ ಪಕ್ಕದ ರಿಂಗ್‌ವೇಯಲ್ಲಿ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ ತೆರೆದಿತ್ತು. 2001ರಲ್ಲಿ ಬಳಕೆಗೆ ಬಂದ ಅದರ ಎರಡನೆಯ ಓಡುದಾರಿ ಬಾಲಿನ್ ಕಣಿವೆಯನ್ನೇ ದಾಟುತ್ತದೆ. ಓಕ್ ಕಾಟೇಜಸ್‌ನ ಮನೆಗಳಲ್ಲಿ ಇಂದಿಗೂ ಜನ ವಾಸಿಸುತ್ತಾರೆ, ಆದರೆ ಬಾಡಿಗೆಯನ್ನು ಗಿರಣಿಯ ಕೂಲಿಯಲ್ಲಿ ಮುರಿಸಿಕೊಳ್ಳುವವರು ಯಾರೂ ಉಳಿದಿಲ್ಲ. ನಾರ್‌ಕ್ಲಿಫ್ ಇವತ್ತಿಗೂ ಯೂನಿಟೇರಿಯನ್ ಸಭೆಯ ಚಾಪೆಲ್ ಆಗಿಯೇ ಇದೆ. 1837ಕ್ಕೆ ಮುಂಚೆ ಕಾನೂನುಬದ್ಧವಾಗಿ ಒಂದು ಮದುವೆಯನ್ನೂ ನಡೆಸುವ ಹಕ್ಕಿಲ್ಲದಿದ್ದ ಆ ಮಂದಿರದಲ್ಲಿ ಮದುವೆಯಾಗಲು ಈಗ ಬೇರೆ ಊರುಗಳಿಂದಲೂ ಜೋಡಿಗಳು ಬರುತ್ತವೆ.